ಎಂಟಡಿಗೊಂದು ಗೆರೆ

ಚಪ್ಪಲಿ ಬಿಟ್ಟು ಬನ್ನಿ ಮೇಡಂ,
ಬರಿಗಾಲಿಗೇ ಗೊತ್ತಾಗೋದು ಇದು.
ತರಿತರಿ ಅಂತದೆ ಅಲ್ವಾ? ಇರಲಿ.
ಕನ್ನಡಿ ಹಂಗೆ ತೀಡಿಕೊಡು ಅಂದಿದ್ರು ಯಜಮಾನ್ರು,
ನಾನೇ ಕೇಳಲಿಲ್ಲ.
ಹಸಿ ಇರುವಾಗ್ಲೇ ಪೊರಕೆ ಎಳೆದೆ
ಈ ತುದಿಯಿಂದ ಆ ತುದಿಗೆ, ಒಂದೇ ಉಸಿರಿಗೆ,
ನಡುವೆ ನಿಂತ್ರೆ ಕಲೆ ಉಳೀತದೆ.
ಒದ್ದೆ ಕಾಲು, ಸೊಂಟದ ಆಪರೇಷನ್ ಆದೋರು ನೀವು;
ಕನ್ನಡಿ ಗೋಡೆ ಮೇಲಿರಲಿ.

ಒಂದು ತಂಬಿಗೆ ನೀರು ಹುಯ್ದು ನೋಡಿ.
ಕೊಳದ ಕಡೆ ತಿರುಗೋದೇ ಇಲ್ಲ,
ದಾಸವಾಳದ ಬುಡ ಬಳಸಿ ಮೋರಿ ಸೇರ್ತದೆ.
ಅಡಿಗೆ ಕಾಲಿಂಚು ವಾಟ.
ಕಣ್ಣಿಗೆ ಕಾಣಬಾರದು, ನೀರಿಗೆ ಗೊತ್ತಿರಬೇಕು.
ಆಲೂರಿನ ಕಡೆ ಕಾಫಿ ಕಣ ಹಾಕಿ ಹಾಕಿ
ಕಲಿತದ್ದು ಇಷ್ಟೇ.
ಸಾಲಗಾಮೆ ರಸ್ತೇಲಿ ಈಜುಕೊಳ ಅಂದಾಗ
ನಕ್ಕಿದ್ದೆ, ತಪ್ಪು ತಿಳೀಬೇಡಿ,
ನಲ್ಲಿಗೆ ಕೊಡ ಸಾಲಿಡೋ ಬೀದಿಯೋನು ನಾನು.

ಬಿಲ್ಲಿನಲ್ಲಿ ಜಾಸ್ತಿ ಬರೆದಿರೋದೆಲ್ಲ
ನಿಮಗೆ ಕಾಣದ್ದಕ್ಕೇ:
ಮುಕ್ಕಾಲಡಿ ಅಗೆದು ತೆಗೆದ ಸಡಿಲ ಮಣ್ಣು,
ನೀರು ಬಿಟ್ಟು ಗುದ್ದಿದ ಜಲ್ಲಿ,
ಚಪ್ಪಡಿ ನಡುವೆ ಮಲಗಿರೋ ಕಂಬಿಬಲೆ.
ಆಮೇಲೆ ಹದಿನಾಲ್ಕು ದಿನ ಗೋಣಿಚೀಲ.
ಬೆಳಿಗ್ಗೆ ಆರಕ್ಕೆ, ಮಂಜು ಬಿದ್ದಿರುವಾಗ,
ಹೊನ್ನಮ್ಮ ಬಂದು ಒದ್ದೆ ಮಾಡ್ತಿದ್ಲಲ್ಲ,
‘ಮಂಜೇ ಸಾಕಲ್ವಾ’ ಅಂತ ನಿಮ್ಮ ಮೊಮ್ಮಗಳು ಕೇಳಿದ್ಲು.
ಸಾಕಾಗಲ್ಲ ಮಗ.
ಕಾಂಕ್ರೀಟು ಒಣಗಬಾರದು, ಮಾಗಬೇಕು.

ಈಗ ಗೆರೆಗಳ ವಿಷಯ.
ಎಂಟಡಿಗೊಂದು, ಇಂಚು ಆಳ.
ಅಂದಕ್ಕೆ ಅಂದ್ಕೋಬೇಡಿ.
ಬಿರುಕು ಬಿಡದ ಚಪ್ಪಡಿ ನಾನಂತೂ ನೋಡಿಲ್ಲ;
ಬಿಡೋದಾದ್ರೆ ಇಲ್ಲಿ ಬಿಡಪ್ಪ ಅಂತ
ಮೊದಲೇ ದಾರಿ ಕೊಯ್ದುಕೊಡೋದು.
ಹಾಕಿದ ದಿನವೇ ಕೊಯ್ಯಬೇಕು,
ರಾತ್ರಿ ದಾಟಿದ್ರೆ ಅದೇ ದಾರಿ ಹುಡುಕ್ಕೊಳ್ತದೆ.

ಬನ್ನಿ, ಷವರಿನ ಮೂಲೆಗೆ.
ನೀವು ಹುಡುಕೋಕೆ ಮೊದ್ಲು ನಾನೇ ತೋರಿಸ್ತೀನಿ.
ಕೂದಲೆಳೆಯಷ್ಟು. ಗೆರೆ ಬಿಟ್ಟು ಓಡಿದೆ.
ಅವತ್ತು ಸಂಜೆ ಬಾಡಿಗೆ ಮಿಷನ್ನು ಕೈಕೊಡ್ತು.
ಇನ್ನೊಂದು ಇರೋದು ಪೆನ್ಷನ್ ಮೊಹಲ್ಲಾದಲ್ಲಿ,
ಗಫಾರನ ಹತ್ರ.
ಹನ್ನೆರಡು ವರ್ಷ ಅವನೊಂದು ತುದಿ ನಾನೊಂದು ತುದಿ
ಒಂದೇ ಮಟ್ಟದ ದಾರ ಹಿಡಿದೋರು.
ಬೇಲೂರು ರಸ್ತೆ ಛತ್ರದ ಲೆಕ್ಕದಲ್ಲಿ
ನಾಲ್ಕು ಸಾವಿರಕ್ಕೆ ಮಾತು ಬಿಟ್ಟು
ಆರು ವರ್ಷ.
ಗಾಡಿ ಕೀಲಿ ಕೈಯಲ್ಲಿ ಹಿಡ್ಕೊಂಡು
ಟೀ ಅಂಗಡಿ ಬಾಗಿಲು ಹಾಕೋ ತನಕ ಕೂತಿದ್ದೆ.
ಹೋದದ್ದು ಬೆಳಗಿನ ಜಾವ.

ಅವನು ಏನೂ ಕೇಳಲಿಲ್ಲ.
ಬನಿಯನ್ನಿನಲ್ಲೇ ಮಿಷನ್ನು ಹೊತ್ತು ಬಂದ,
ಉಳಿದ ಗೆರೆಯೆಲ್ಲ ಅವನೇ ಕೊಯ್ದದ್ದು,
ನೋಡಿ, ಎಷ್ಟು ನೆಟ್ಟಗಿದೆ.
ಆಮೇಲೆ ಈ ಮೂಲೇಲಿ ಕುಕ್ಕರಗಾಲಲ್ಲಿ ಕೂತು
ಬಿರುಕಿನ ಮೇಲೆ ಬೆರಳಾಡಿಸಿ,
‘ನಿನ್ನೇನೇ ಬರಬೇಕಿತ್ತು ನೀನು’ ಅಂದ.
ಚಪ್ಪಡಿ ಮಾತೇ ಅಂದ್ಕೊಂಡು
ಹೂಂ ಅಂದೆ.

ಇದಕ್ಕೆ ಮಸಾಲೆ ತುಂಬಿದೀನಿ, ನೀರಿಳಿಯಲ್ಲ.
ಬಿಲ್ಲಲ್ಲಿ ಸಾವಿರದ ಇನ್ನೂರು ಹಿಡ್ಕೊಳ್ಳಿ.
ಬೇಡ ಅನ್ನಬೇಡಿ.

ಇನ್ನು ನಿಮ್ಮ ಪಾಲಿನದ್ದು.
ಪಾಚಿ ಕಟ್ಟಿದ್ರೆ ಸೋಡಾಪುಡಿ, ತೆಂಗಿನ ಪೊರಕೆ;
ಆಸಿಡ್ಡು ಮಾತ್ರ ಮುಟ್ಟಿಸಬೇಡಿ, ಮುಖ ಕಿತ್ತುಹೋಗ್ತದೆ.
ಕ್ಲೋರಿನ್ ಡಬ್ಬ ಇಲ್ಲಿಡಬೇಡಿ.
ಕಬ್ಬಿಣದ ಕುರ್ಚಿಗೆ ರಬ್ಬರಿನ ಬೂಟು.
ಕೊಳದ ಅಂಚಿಗೂ ಇದಕ್ಕೂ ನಡುವೆ
ಅರ್ಧ ಇಂಚು ಬಿಟ್ಟು ಮೆತ್ತನೆ ಅಂಟು ತುಂಬಿದೀನಿ,
ಬಿಸಿಲಿಗೆ ಎರಡೂ ಹಿಗ್ಗಬೇಕಲ್ಲ.
ಗಾರೆಯವರು ಯಾರಾದ್ರೂ ಬಂದು
ಸಿಮೆಂಟು ತುಂಬ್ತೀನಿ ಅಂದ್ರೆ ಒಳಗೆ ಬಿಡಬೇಡಿ.
ಎರಡ್ಮೂರು ವರ್ಷಕ್ಕೊಮ್ಮೆ ಮೇಲೊಂದು ಲೇಪ,
ಫೋನ್ ಮಾಡಿ, ಬರ್ತೀನಿ.
ಇಬ್ರೂ ಬರಬಹುದು, ಹೇಳಕ್ಕಾಗಲ್ಲ.

ಹಾರನ್ ಕೇಳ್ತಾ? ನೀರಿನ ಟ್ಯಾಂಕರು.
ಗೇಟಲ್ಲೇ ನಿಲ್ಲಿಸೋಕೆ ಹೇಳಿ,
ಚಕ್ರ ಇದರ ಮೇಲೆ ತರೋದು ಬೇಡ,
ಪೈಪು ಎಳೀಲಿ.
ತಾಳಿ, ನಾನೇ ಒಂದು ತುದಿ ಹಿಡೀತೀನಿ.