ಸವುಳು ನೀರು

ಕೌಲ್ ಬಜಾರಿನ ಖಾಜಾವಲಿ ಆರು ಮೀನು ಹಿಡಿದು
ಚೀಲಕ್ಕೆ ಗಾಳಿ ತುಂಬಿ, ರಬ್ಬರು ಸುತ್ತುತ್ತ ಹೇಳಿದ:
'ಕಾಮನಬಿಲ್ಲು ಮೀನಕ್ಕಾ ಇವು. ಬಣ್ಣ ಈಗಿಲ್ಲ.
ಬರ್ತೈತಿ.'
ಯಾವಾಗ ಎಂದೆ.
'ಅದಕ್ಕ ಬರಬೇಕನಿಸಿದಾಗ.'

ತಗಡಿನ ಚೂರಿನಂಥ ಆರು ಮೀನು.
ಎದುರುಮನೆ ಎರ್ರೆಮ್ಮ ಗಾಜಿಗೆ ಮೂಗು ಒತ್ತಿ ನೋಡಿ
'ಒಗೆದೊಗೆದು ಬೆಳ್ಳಗಾದ ಕಾಮನಬಿಲ್ಲು' ಎಂದು ನಕ್ಕಳು.
ನಾನೂ ನಕ್ಕೆ.
ಬಣ್ಣ ಹಾಕಿ, ಒಗೆದು ತೆಗೆಯುವುದೇ ನಮ್ಮ ಓಣಿಯ ಕಸುಬು:
ಕಡುನೀಲಿ ಪ್ಯಾಂಟನ್ನು ಕಲ್ಲಿನೊಂದಿಗೆ ತಿರುವಿ ತಿರುವಿ
ಮೊಣಕಾಲಿಗೆ ಹತ್ತು ವರ್ಷದ ಸವಕಳಿ ತರುತ್ತಾರೆ
ಒಂದೇ ತಾಸಿನಲ್ಲಿ.
ನಾನು ಹೊಲಿಯುವವಳು; ಜಿಪ್ಪು, ಜೇಬು, ಸೊಂಟಪಟ್ಟಿ.
ಎರ್ರೆಮ್ಮ ಉಳಿದ ದಾರ ಕತ್ತರಿಸುವವಳು, ಪ್ಯಾಂಟಿಗಿಷ್ಟು ಎಂದು.
ಬೆರಳ ಸಂದಿಯ ನೀಲಿ ಯಾವ ಸೋಪಿಗೂ ಬಗ್ಗದು.
ಆ ಕೈ ತೊಟ್ಟಿಗಿಳಿಸಲು ಅಂಜಿ
ಮೊಣಕೈತನಕ ಉಜ್ಜಿಕೊಳ್ಳುತ್ತಿದ್ದೆ
ಮದುವೆಗೆ ಹೊರಟವಳ ಹಾಗೆ.

ನೀರಿನದೇ ಚಿಂತೆ.
ನಳ ಬರುವುದು ವಾರಕ್ಕೊಮ್ಮೆ, ಅದಕ್ಕೂ ಔಷಧಿಯ ವಾಸನೆ.
ಉಳಿದದ್ದು ಬೋರಿನ ಸವುಳು ನೀರು:
ಬೇಳೆ ಬೇಯದು, ನೊರೆ ಏಳದು,
ಬಕೆಟ್ಟಿನ ಅಂಚಿಗೆ ಸುಣ್ಣದ ಬಳೆ ತೊಡಿಸುವ ನೀರು.
'ಅದನ್ನೇ ಹಾಕ್ರಿ' ಎಂದ ಖಾಜಾವಲಿ,
'ಇವು ಹುಟ್ಟಿದ ಕೆರೀನೂ ಸುಣ್ಣಗಲ್ಲಿನ ನಡುವೇ ಐತಂತ,
ಸಮುದ್ರದಾಚೆ, ಯಾವುದೋ ದ್ವೀಪದಾಗ.'
ಮದುವೆಯಾಗಿ ಬಂದ ದಿನದಿಂದ ನಾನು ಬೈದ ನೀರು.
ಅದನ್ನು ಬಯಸುವ ಆರು ಬಾಯಿ
ಗಾಜಿನೊಳಗೆ ತೆರೆದು ಮುಚ್ಚುತ್ತಿದ್ದವು.

ಮೇ ತಿಂಗಳು.
ಹಗಲೆಲ್ಲ ಕುಡಿದ ಬಿಸಿಲನ್ನು
ಕೋಟೆಗುಡ್ಡ ರಾತ್ರಿಯೆಲ್ಲ ಊರ ಮೇಲೆ ಉಗುಳುತ್ತದೆ.
ಕರೆಂಟು ಹೋಯಿತು. ಹಳೇ ಬ್ಯಾಟರಿ ಎರಡನ್ನು ಎಳೆಯದು:
ಫ್ಯಾನೋ, ಗಾಳಿಪಂಪೋ.
ನಮ್ಮವರು ಏನೂ ಅನ್ನಲಿಲ್ಲ,
ಚಾಪೆ ಸುತ್ತಿಕೊಂಡು ಮಾಳಿಗೆ ಹತ್ತಿದರು.
ನಾನು ಐಸಿನ ಬಾಟಲಿ ನೀರಲ್ಲಿ ತೇಲಿಬಿಟ್ಟು
ಗುಳುಗುಳು ಕೇಳುತ್ತ ಬೆವತೆ.

ಒಂದು ಹಾರಿತು.
ಮೂರನೇ ದಿನ, ಮೆಷೀನಿನ ಕೆಳಗೆ ಗುಡಿಸುವಾಗ,
ದಾರದ ತುಣುಕುಗಳ ನಡುವೆ ಒಣಗಿ ಹಗುರಾದದ್ದನ್ನು
ಬಟ್ಟೆಯ ಚೂರೆಂದೇ ಪೊರಕೆಯಲ್ಲಿ ಸರಿಸಿದ್ದೆ.
ಆಮೇಲೆ ಕಣ್ಣು ಕಂಡಿತು.
ಅಂದೇ ಸೊಳ್ಳೆಪರದೆಯ ತುಂಡಿಗೆ ಇಲಾಸ್ಟಿಕ್ ಹೊಲಿದು
ತೊಟ್ಟಿಗೆ ಟೋಪಿ ತೊಡಿಸಿದೆ.
ಮಗಳ ನಿಜವಾದ ಟೋಪಿ ಬಿಚ್ಚಿ
ಹಸಿರು ಉಣ್ಣೆಯ ಕುಚ್ಚು ಕಟ್ಟಿ ನೀರಿಗೆ ಬಿಟ್ಟೆ,
ಬಿಡಬೇಕಂತೆ, ತತ್ತಿಗೆ.
ತಗಡಿಗೆ ತತ್ತಿಯೇ?
ಬಣ್ಣದ ಮಾತು ಕೇಳುವುದನ್ನು ಅಷ್ಟರಲ್ಲಿ ಬಿಟ್ಟಿದ್ದೆ.

ಆರ್ಡರು ತುರ್ತಿದ್ದ ಒಂದು ಬೆಳಗು.
ಇನ್ನೂ ಲೈಟು ಹಾಕಿರಲಿಲ್ಲ.
ಗವಾಕ್ಷಿಯಿಂದ ಬಿಸಿಲಿನ ಕೋಲೊಂದು ಗಾಜು ಮುಟ್ಟಿದ್ದೇ
ಗಂಡು ಮೀನೊಂದು ಹೊರಳಿತು.
ಮುಂದಿನರ್ಧ ನೀಲಿ.
ಬಣ್ಣದ ಕೊಪ್ಪರಿಗೆಯದಲ್ಲ, ನನ್ನ ಬೆರಳಿನದಲ್ಲ.
ಹಿಂದಿನರ್ಧ ಕಿತ್ತಳೆ.
ಎರಡು ಬಟ್ಟೆ ಕೂಡುವಲ್ಲಿ ಹೊಲಿಗೆ ಇರಲೇಬೇಕಲ್ಲ ಎಂದು
ಇಪ್ಪತ್ತು ವರ್ಷದ ಕಸುಬಿನ ಕಣ್ಣಲ್ಲಿ ಹುಡುಕಿದೆ.
ಇಲ್ಲ.
ಮೂತಿಯಿಂದ ಬೆನ್ನತನಕ ಬಿಳಿಗೆರೆಯೊಂದು
ಹೊತ್ತಿತು, ಆರಿತು, ಮತ್ತೆ ಹೊತ್ತಿತು.

ಓಡಿದೆ. ಎರ್ರೆಮ್ಮ ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡೇ ಬಂದಳು.
ಬರುವಷ್ಟರಲ್ಲಿ ಬಿಸಿಲು ಮೇಲಿನ ಗೋಡೆ ಬಿಟ್ಟು ಕೆಳಗಿಳಿದು
ಮೀನು ಮತ್ತೆ ಅರೆಮಂಕು.
'ಎಲ್ಲೈತೇ?'
ಇತ್ತು ಎಂದೆ. ನಾಳೆ ಐದೂವರೆಗೆ ಬಾ.
ಅವಳು ಕೇಳಲಿಲ್ಲ. ಕುಚ್ಚಿನ ಹತ್ತಿರ ಮುಖ ತಂದು,
ಕಣ್ಣು ಕಿರಿದು ಮಾಡಿ:
'ಇದೇನಿದು, ಸಾಬೂದಾನಿಯ ಮರಿ?
ಒಂದೊಂದಕ್ಕೂ ದಾರ ಐತಲ್ಲ!'

ಐತಿ. ಕೂದಲಿಗಿಂತ ಸಣ್ಣ ದಾರ,
ಹುಟ್ಟುವಾಗ ತಾವೇ ತಂದದ್ದು,
ಉಣ್ಣೆಗೆ ತಮ್ಮನ್ನು ತಾವೇ ಹೊಲಿದುಕೊಂಡಿವೆ.

ಎರ್ರೆಮ್ಮನ ಬಲಗೈ ತಾನಾಗಿ
ಸೊಂಟದ ಕತ್ತರಿಗೆ ಹೋಯಿತು.
ನೋಡಿದಳು ಕೈಯನ್ನು. ನಾಚಿದಳು.
ಸೆರಗಿನಲ್ಲಿ ಅದನ್ನು ಮುಚ್ಚಿಕೊಂಡು
ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಳು.