ಅಗಲ

ತೆಗ್ವಿನ್ ಬರೆದದ್ದು ಒಂದೇ ಕಾರ್ಡು, ಅಬರ್ಡೀನಿನಿಂದ.
ಅದರಲ್ಲಿ ಎರಡೇ ಪದ: ಟೈರು ಹಳತು.
ಕೆಳಗೆ ಸಹಿ, ಅದೂ ಅರ್ಧ.

ಹಳತೇ, ನಿಜ. ಹದಿನಾಲ್ಕು ವರ್ಷದ ರಬ್ಬರು.
ನೆಲಕ್ಕೆ ತಾಗುವ ಪಟ್ಟೆಯಲ್ಲಿ ಗೀರು ಇನ್ನೂ ಆಳವಿದೆ,
ಮಗ್ಗುಲಲ್ಲಿ ಮಾತ್ರ
ಕೂದಲೆಳೆಯಂಥ ಬಿರುಕು, ಸುತ್ತಲೂ.
ನೋಡುವವರಿಗೆ ಚೆನ್ನಾಗಿಯೇ ಇತ್ತು,
ನಮ್ಮ ತೆಗ್ವಿನ್‌ನ ಹಾಗೆ.

ಬಾಲಾ ಊರಿನಲ್ಲಿ, ಸರೋವರದ ಅಂಚಿಗೆ ಇದ್ವಲ್‌ನ ಶೆಡ್ಡು.
ಬಾಗಿಲಲ್ಲಿ ಒಂದು ಕುರಿ, ಯಾರದೋ.
ಅರವತ್ತಮೂರರ ಟ್ರಯಂಫ್, ಹಸಿರು, ಎರಡೇ ಸೀಟು,
ಜಾಕಿನ ಮೇಲೆ ಒಂದು ಕಾಲೆತ್ತಿ ನಿಂತಿದೆ
ಲಾಳ ಕಟ್ಟಿಸಿಕೊಳ್ಳುವ ಕುದುರೆಯಂತೆ.

ಈಗಿರುವುದು ನೂರರವತ್ತೈದು, ಅಂದ ಇದ್ವಲ್.
ನನಗೆ ಅಗಲ ಬೇಕಿತ್ತು.
ಹಿಂದಿನಿಂದ ನೋಡಿದರೆ ಅದರ ಕಾಲು
ಸೈಕಲ್ಲಿನಿಂದ ಕಡ ತಂದ ಹಾಗೆ ಕಾಣುತ್ತಿತ್ತು.
ಅರವತ್ತೊಂದನೇ ವಯಸ್ಸಿಗೆ ಮೊದಲ ಸಲ
ಇಂಥ ಕಾರಿನ ಕೀಲಿಕೈ ಹಿಡಿದವಳು
ಗಟ್ಟಿ ಕಾಲೂರಿ ನಿಲ್ಲುವುದು ಬೇಡವೆ?
ನೂರ ತೊಂಬತ್ತೈದು ಕೊಡು, ಅಂದೆ,
ಬಟ್ಟೆಯಂಗಡಿಯಲ್ಲಿ ಇನ್ನೊಂದು ಗಜ ಹರಿ ಅನ್ನುವ ಧಾಟಿಯಲ್ಲಿ.

ಅವನು ನಗಲಿಲ್ಲ. ರಿಮ್ಮಿಗೆ ಅಳತೆಪಟ್ಟಿ ಹಿಡಿದ.
ನಾಲ್ಕೂವರೆ ಇಂಚು, ಮೇರ್ವೆನ್. ಹಾಸಿಗೆ ಇದು.
ಕಾಲು ಎಷ್ಟು ಚಾಚುತ್ತೀ, ನೋಡಿಕೋ.
ಇಕ್ಕಟ್ಟಿನ ರಿಮ್ಮಿಗೆ ದಪ್ಪ ಟೈರು ತೊಡಿಸಿದರೆ
ಹೊಟ್ಟೆ ಉಬ್ಬಿಸಿಕೊಂಡು ಕೂರುತ್ತದೆ,
ತಿರುವಿನಲ್ಲಿ ಅರೆಕೊಡದ ನೀರಿನಂತೆ
ಮಗ್ಗುಲಿಗೆ ಹೊರಳುತ್ತದೆ.

ನೂರ ಎಂಬತ್ತೈದು?
ಕೂರಬಹುದು. ಮೀಟರಿನ ಮುಳ್ಳು ಅರವತ್ತು ಅಂದಾಗ
ನೀನು ಐವತ್ತೊಂಬತ್ತೂವರೆಯಲ್ಲಿರುತ್ತೀ,
ಅಷ್ಟು ಸುಳ್ಳು ಎಲ್ಲರ ಮನೆಯಲ್ಲೂ ಇದೆ.
ಸ್ಟೇರಿಂಗು ಭಾರವಾಗುತ್ತದೆ. ಮಣಿಕಟ್ಟು ಹೇಗಿದೆ ಈಗ?

ಆಮೇಲೆ ಚಕ್ರವನ್ನು ಪೂರ್ತಿ ತಿರುಗಿಸಿ
ಮಡ್‌ಗಾರ್ಡಿನ ಸಂದಿಗೆ ಬೆಂಕಿಪೊಟ್ಟಣ ತೂರಿಸಿದ. ದಾಟಿತು.
ಅದರ ಮೇಲೊಂದು ಕಡ್ಡಿ ಇಟ್ಟ. ದಾಟಿತು.
ಎರಡನೆಯ ಕಡ್ಡಿ ಸಿಕ್ಕಿಕೊಂಡಿತು.

ಟೈರು ಜಾರುವುದನ್ನು ಕೇಳಿದ್ದೀಯಾ ಯಾವತ್ತಾದರೂ?

ಕೇಳಿದ್ದೆ. ಇಪ್ಪತ್ತರ ಹರೆಯದಲ್ಲಿ
ಶಿಲುಬೆ ಘಾಟಿ ಇಳಿಯುವಾಗ ತೆಗ್ವಿನ್‌ನ ಪಕ್ಕ ಕೂತು.
ಮೊದಲು ಗುನುಗು. ಆಮೇಲೆ ಮಗುವಿನ ರಗಳೆ.
ಆಮೇಲೆ ಕೀರಲು, ಬಾಲ ಮೆಲ್ಲನೆ ಹೊರಗೆ,
ಶುರುಮಾಡಿದ ವಾಕ್ಯ ಮುಗಿಸುವಷ್ಟು ನಿಧಾನ.
ಅವನು ನಗುತ್ತಾ ಕೈ ತಿರುಗಿಸಿದ್ದ. ನೋಡು, ಹೇಳಿಯೇ ಜಾರುತ್ತದೆ.

ಅದೇ ಅಗಲದ್ದು ಹಾಗಲ್ಲ, ಅಂದ ಇದ್ವಲ್, ಕೈ ಒರೆಸಿಕೊಳ್ಳುತ್ತಾ.
ಹಿಡಿಯುತ್ತದೆ, ಹಿಡಿಯುತ್ತದೆ, ಉಸಿರೆತ್ತದೆ ಹಿಡಿಯುತ್ತದೆ,
ನೀನು ಇನ್ನೂ ಜೋರಾಗಿ ಹೋಗುತ್ತೀ.
ಬಿಟ್ಟಿತೋ, ಪೂರ್ತಿ ಬಿಟ್ಟಿತು.

ಮೂವತ್ತೊಂದು ವರ್ಷ ಡೇರಿಯಲ್ಲಿ ಹಾಲು ತೂಗಿದ.
ಅದೇ ಹೆಂಡತಿ, ಅದೇ ಚಾಪೆಲ್ಲು, ಅದೇ ಬೆಂಚು,
ಹಾಡಿನಲ್ಲಿ ಅದೇ ಕೆಳದನಿ.
ಒಂದು ಸೋಮವಾರ ಬ್ರೆಡ್ಡಿನ ತಟ್ಟೆಯ ಕೆಳಗೆ ಕೀಲಿಕೈ,
ಒಂದು ಚೀಟಿ: ಕಾರು ಅಕ್ಕನಿಗೆ.
ಏಳೂಹತ್ತರ ಬಸ್ಸು.
ನಾನು ಪಕ್ಕದ ಮನೆಯಲ್ಲೇ ಇದ್ದೆ.
ಒಂದು ಗುನುಗೂ ಕೇಳಲಿಲ್ಲ.

ಅಗಲಕ್ಕೂ ಅಗಲುವುದಕ್ಕೂ ನಡುವೆ
ಬೆಂಕಿಕಡ್ಡಿಯಷ್ಟೇ ಜಾಗ ಇದ್ದೀತು.

ಇದ್ವಲ್ ಕಡ್ಡಿಗಳನ್ನು ಪೊಟ್ಟಣಕ್ಕೆ ತುಂಬಿ ಕಾಯುತ್ತಿದ್ದ.
ಕುರಿ ಒಳಗೆ ಬಂದು ಪೆಟ್ರೋಲಿನ ಡಬ್ಬ ಮೂಸಿತು.
ನೂರರವತ್ತೈದೇ ಇರಲಿ, ಅಂದೆ,
ಆದರೆ ಹೊಸತು.
ಹದಿನೈದು ದಿನ ಆಗುತ್ತದೆ, ಅಂದ. ನಾಲ್ಕಕ್ಕೂ ಸೇರಿ
ನನ್ನ ಎರಡು ಚಳಿಗಾಲದ ಕಲ್ಲಿದ್ದಲಿನ ದುಡ್ಡು ಹೇಳಿದ.

ಅಬರ್ಡೀನಿಗೆ ನಾನೂ ಒಂದು ಕಾರ್ಡು ಹಾಕಿದೆ:
ಟೈರು ಹೊಸತು. ಅದೇ ಅಳತೆ. ಕೂಗುತ್ತದೆ.
ಇನ್ನೂ ಮೂರು ಗೆರೆ ಜಾಗ ಉಳಿದಿತ್ತು,
ಬಿಟ್ಟೆ.

ಹಿಂದಿನಿಂದ ನೋಡಿದರೆ ಈಗಲೂ
ಸೈಕಲ್ಲಿನಿಂದ ಕಡ ತಂದ ಕಾಲೇ.
ಹಿಂದೆ ಬರುವವರು ಬೇಕಾದರೆ ನಗಲಿ.