ಮಣ್ಣು ಕೊಡುವುದು

ನವನಗರದ ಕೋರ್ಟಿನೆದುರು, ಝೆರಾಕ್ಸ್ ಅಂಗಡಿಗೆ ಹತ್ತಿ
ತಗಡಿನ ಕೆಳಗೆ ನನ್ನ ಟೈಪಿಂಗ್ ಟೇಬಲ್ಲು.
ಬಾಡಿಗೆ ಕರಾರು, ಹೆಸರು ತಿದ್ದುಪಡಿ, ಜಾಮೀನು,
ಪುಟಕ್ಕೆ ಇಪ್ಪತ್ತು ರೂಪಾಯಿ.
ಶಮೀಮಾ ನದಾಫ ವಕೀಲರು ಬಂದರೆ ಮಾತ್ರ
ಪುಟ ಎಣಿಸುವುದಿಲ್ಲ.
ಎಣಿಸಿದರೂ ಹೇಳುವುದಿಲ್ಲ.

ಅವರ ಅರ್ಜಿಗಳಲ್ಲಿ ಎದುರುದಾರ ಯಾವಾಗಲೂ ಒಬ್ಬನೇ:
ಕರ್ನಾಟಕ ರಾಜ್ಯ, ಅದರ ಕಾರ್ಯದರ್ಶಿಯ ಮೂಲಕ.
"ಇಷ್ಟು ದೊಡ್ಡವರ ಜೋಡಿ ಜಗಳ ಯಾಕ್ರೀ ಮೇಡಂ?"
"ಜಗಳ ಅಲ್ಲೋ ಸಂಗನಬಸು,
ಕೊಟ್ಟ ಮಾತು ನೆನಪು ಮಾಡೋದು."

ಈ ಸಲ ಜೊತೆಗೆ ದುರಗವ್ವ ಮಾದರ.
ಹಳೆಯ ಊರು ಹಿನ್ನೀರಿಗೆ ಹೋಗಿ ಇಪ್ಪತ್ತೆರಡು ವರ್ಷ.
ಪುನರ್ವಸತಿ ಕೇಂದ್ರದ ನಕಾಶೆಯಲ್ಲಿ ಶಾಲೆ ಇದೆ,
ಗುಡಿಗೆ ಜಾಗ ಇದೆ, ಬಸ್ಸೇ ಬಾರದ ಬಸ್ ನಿಲ್ದಾಣ ಇದೆ.
ಅವರ ಓಣಿಯವರು ಸತ್ತರೆ ಮಲಗಲು
ಒಂದು ಚೌಕ ಇಲ್ಲ.
ಗಂಡನನ್ನು ಹೋದ ಏಪ್ರಿಲ್‌ನಲ್ಲಿ, ನೀರು ಇಳಿದಾಗ,
ಹಳೆಯ ಸುಡುಗಾಡಿಗೇ ಒಯ್ದರು,
ಕೆಸರು ಒಣಗಿ ಬಿರಿದ ನೆಲ, ಅತ್ತೆಯ ಮಗ್ಗುಲು.
ಆಗಸ್ಟಿನಲ್ಲಿ ಹೊಳೆ ಮತ್ತೆ ಬಂತು.

ಹೆಬ್ಬೆಟ್ಟಿನ ದುರಗವ್ವನಿಗೆ ಒಂದು ಅಂಕಿ ಬಾಯಿಪಾಠ:
ಐನೂರ ಹತ್ತೊಂಬತ್ತು ಪಾಯಿಂಟ್ ಆರು ಮೀಟರ್.
ಆಲಮಟ್ಟಿ ತುಂಬಿದ ಲೆಕ್ಕ.
"ಅಂವಗ ಈಸ ಬರ್ತಿರಲಿಲ್ರೀ" ಅಂದಳು.
ನನ್ನ ಬೆರಳು ಯಾವ ಅಕ್ಷರದ ಮೇಲಿತ್ತೋ,
ತೆರೆಯ ತುಂಬ ಅದೊಂದೇ ಸಾಲಾಗಿ ಓಡಿತ್ತು.

ಹೈಕೋರ್ಟಿಗೆ ಎಲ್ಲ ಇಂಗ್ಲಿಷಿನಲ್ಲಿ ಹೋಗಬೇಕು.
ನಮ್ಮ ಕಡೆ ಹೂಳುವುದು ಅನ್ನುವುದಿಲ್ಲ, ಮಣ್ಣು ಕೊಡುವುದು:
ಬಂದವರೆಲ್ಲ ಹಿಡಿ ಹಿಡಿ,
ಕಂಕುಳ ಕೂಸಿನ ಮುಷ್ಟಿ ಬಿಡಿಸಿಯಾದರೂ.
ಇಂಗ್ಲಿಷಿನ ಆ ಪದದಲ್ಲಿ ಕೊಡುವವರೇ ಇಲ್ಲ.
ಮೇಡಂ ಪೆನ್ನಿನ ಮುಚ್ಚಳ ಕಚ್ಚುತ್ತ ಕುಳಿತರು,
ಎರಡು ಚಹಾ ಆರಿದವು.
ಕೊನೆಗೆ ನಾಲ್ಕನೇ ಪ್ಯಾರಾದಲ್ಲಿ
ಕನ್ನಡವನ್ನೇ ಇಡಿಸಿದರು, ಓರೆ ಅಕ್ಷರದಲ್ಲಿ.
"ಸಾಹೇಬರು ಕೇಳಲಿ, ಹೇಳತೀನಿ."

ಸರಕಾರದ ಆಕ್ಷೇಪಣೆ ಬಂತು:
ಸದರಿ ಸ್ಥಳದಲ್ಲಿ ಯಾರೂ ವಾಸವಿರಲಿಲ್ಲವಾದ್ದರಿಂದ
ಪುನರ್ವಸತಿಯ ಪ್ರಶ್ನೆಯೇ ಉದ್ಭವಿಸುವುದಿಲ್ಲ.
ಉದ್ಭವಿಸುತ್ತದೆ ಸ್ವಾಮಿ, ಪ್ರತಿ ಬೇಸಿಗೆ.
ಮೊದಲು ಬೇವಿನ ಬೊಡ್ಡೆ,
ಆಮೇಲೆ ಒಂದೊಂದೇ ತಲೆಗಲ್ಲು.

ಅರ್ಜಿಯ ತುದಿಯ ಭಾಗಕ್ಕೆ ಪ್ರಾರ್ಥನೆ ಅಂತಲೇ ಹೆಸರು.
ಎರಡು ಎಕರೆ ಮಣ್ಣು ಕೊಡಬೇಕು ಎಂದು
ಟೈಪು ಮಾಡುವಾಗ ಅನ್ನಿಸಿತು:
ಕೇಳುತ್ತಿರುವುದು ಜಾಗವೋ,
ಸರಕಾರವೂ ಬಂದು ಒಂದು ಹಿಡಿ ಹಾಕಲಿ ಅಂತಲೋ.

ನಸುಕಿನ ನಾಲ್ಕೂವರೆಯ ಧಾರವಾಡ ಬಸ್ಸು,
ಪ್ಲಾಸ್ಟಿಕ್ ಕವರಿನಲ್ಲಿ ಕರಿ ಕೋಟು,
ಕುಳಗೇರಿ ಕ್ರಾಸಿನಲ್ಲಿ ಒಂದು ಚಹಾ.
ಸಂಜೆ ಮರಳಿ ಬಂದರು. ಕೇಸು ಕೂಗಿದ್ದು ನಾಲ್ಕು ಗಂಟೆಗಂತೆ,
ಸರಕಾರಿ ವಕೀಲರು ಎರಡು ವಾರ ಕೇಳಿದರಂತೆ.
ಪ್ಯಾರಾ ನಾಲ್ಕನ್ನು ಯಾರೂ ಕೇಳಲಿಲ್ಲ.
"ಇನ್ನೊಂದು ಪ್ರತಿ ತೆಗಿ" ಅಂದರು ಅಷ್ಟೇ.

ಕೃಷ್ಣೆಯ ಮೇಲ್ದಂಡೆಯಲ್ಲಿ ಮಳೆ.
ದುರಗವ್ವನ ಫೋನು: "ಇವತ್ತ ಎಷ್ಟೈತ್ರೀ?"
ಪೇಪರು ನೋಡಿ ಹೇಳಿದೆ, ಐನೂರ ಹದಿನೇಳು.
ಸ್ವಲ್ಪ ಹೊತ್ತು ಸುಮ್ಮನಿದ್ದು
"ಪಾಯಿಂಟ್ ಎಷ್ಟ?" ಅಂದಳು.